ಒಂದೇ ಹಲಗೆಗೆ ತೂಗಿದ ಗಡಿಯಾರಗಳು

ಗಡಿಯಾರ ರಿಪೇರಿಯವರೂ ಗಡಿಯಾರ ಕೂಡಿಡುವವರೂ ವರ್ಷಕ್ಕೊಮ್ಮೆ ಒಂದೆಡೆ ಸೇರುತ್ತಾರೆ ಎಂದರೆ ನನ್ನ ಜೊತೆ ಓದಿದವರು ನಗುತ್ತಾರೆ. “ಸೇರಿ ಏನ್ಮಾಡ್ತಾರೆ, ಟೈಮ್ ನೋಡ್ತಾ ಕೂತಿರ್ತಾರಾ?” ಇಲ್ಲ, ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಾರೆ. ಒಂದು ವರ್ಷ ಅರಸೀಕೆರೆ, ಒಂದು ವರ್ಷ ಹಳೇಬೀಡು, ಒಂದು ವರ್ಷ ಬೇಲೂರು, ಹೀಗೆ ಸರದಿಯ ಮೇಲೆ ಯಾವುದಾದರೊಂದು ಸಮುದಾಯ ಭವನದಲ್ಲಿ ಸೇರಿ, ಎಲ್ಲೂ ಸಿಗದ ಸ್ಪ್ರಿಂಗು, ಹಲ್ಲು ಮುರಿಯದ ಚಕ್ರ, ಗೀರಿಲ್ಲದ ಗಾಜು ಅದಲುಬದಲು ಮಾಡಿಕೊಳ್ಳುತ್ತಾರೆ. ಇನ್ನೊಬ್ಬನ ಕೆಲಸವನ್ನು ಅವನೆದುರು ಹೊಗಳಿ, ಕೈತೊಳೆಯುವ ನಲ್ಲಿಯ ಹತ್ತಿರ ತೆಗಳುತ್ತಾರೆ. ನಿವೃತ್ತರೊಬ್ಬರು ಕಾಲದ ಮಹಿಮೆಯ ಮೇಲೆ ಭಾಷಣ ಮಾಡುತ್ತಾರೆ. ಕಾಲ ಯಾರನ್ನೂ ಕಾಯುವುದಿಲ್ಲ ಎಂಬ ಒಂದೇ ಮಾತನ್ನು ಹೇಳಲು ಅವರು ಪ್ರತಿ ಸಲವೂ ನಮ್ಮೆಲ್ಲರನ್ನೂ ಊಟಕ್ಕೆ ಕಾಯಿಸುತ್ತಾರೆ.

ನಾನು ಹೋಗುತ್ತಿದ್ದದ್ದು ಗಡಿಯಾರದ ಮೇಲಿನ ಪ್ರೀತಿಯಿಂದಲ್ಲ. ಅರಸೀಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಪ್ಪನದೊಂದು ಗಡಿಯಾರದ ಅಂಗಡಿಯಿದೆ. ಅಪ್ಪನಿಗೆ ಕೆಲವು ವರ್ಷಗಳಿಂದ ಮಾತು ಸರಿಯಾಗಿ ಕೇಳಿಸುವುದಿಲ್ಲ. ಸಭೆಯಲ್ಲಿ ಯಾರು ಏನೆಂದರು ಎಂದು ಕಿವಿಯ ಹತ್ತಿರ ಇನ್ನೊಮ್ಮೆ ಹೇಳಲು ಒಬ್ಬರು ಬೇಕು. ಆ ಒಬ್ಬರು ನಾನು. ಮಾತು ನನ್ನ ಕಸುಬು. ಹೈಸ್ಕೂಲಿನಿಂದ ಹಾಸನದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಯ ವೇದಿಕೆಗಳ ಮೇಲೆ ಬೆಳೆದವಳು. ವಿಷಯ ಯಾವುದಾದರೂ ಸರಿ, ಪರವೋ ವಿರೋಧವೋ ಚೀಟಿ ಎತ್ತಿದ ಮೇಲೆ ಹೇಳಿ ಎನ್ನುತ್ತಿದ್ದೆ. ಗೆದ್ದ ಫಲಕಗಳನ್ನು ಅಪ್ಪ ಮನೆಯಲ್ಲಿಡಲು ಬಿಡದೆ ಅಂಗಡಿಯ ಗೋಡೆಗೆ, ಗಡಿಯಾರಗಳ ನಡುವೆ ಸಿಕ್ಕಿಸಿದ್ದರು. ಹೊಸ ಗಿರಾಕಿಗಳು ಅವನ್ನೂ ರಿಪೇರಿಗೆ ಬಂದವು ಎಂದೇ ತಿಳಿಯುತ್ತಿದ್ದರು.

ಅಪ್ಪನ ಕೈಗೆ ಬರುವುದರಲ್ಲಿ ಮುಕ್ಕಾಲು ಪಾಲು ಕೊಬ್ಬರಿ ಮಂಡಿಗಳ ಗೋಡೆ ಗಡಿಯಾರಗಳು. ಕೊಬ್ಬರಿಯ ಎಣ್ಣೆ ಗಾಳಿಯಲ್ಲೇ ಹರಡಿ ಒಳಗೆ ಸೇರಿ, ಧೂಳು ಕಚ್ಚಿ, ಅದನ್ನು ತಿನ್ನಲು ಜಿರಳೆಗಳು ಬಂದು ಸಂಸಾರ ಹೂಡಿರುತ್ತವೆ. ಅಪ್ಪ ಹಿಂಬದಿಯ ಬಾಗಿಲು ತೆರೆದು ಮೊದಲು ಒಂದೇಟು ತಟ್ಟಿ, “ಬಾಡಿಗೇರೆಲ್ಲ ಆಚೆಗೆ ನಡೀರಪ್ಪ” ಎನ್ನುತ್ತಾರೆ. ಆಮೇಲೆ ಕೆಲಸ.

ಆ ಕೆಲಸದಲ್ಲಿ ಒಂದನ್ನು ಮಾತ್ರ ಓದುಗರು ತಿಳಿದಿರಬೇಕು. ಲೋಲಕದ ಗಡಿಯಾರಕ್ಕೆ ನಡೆ ಎನ್ನುವುದೊಂದಿದೆ. ಟಿಕ್ಕಿಗೂ ಟಾಕಿಗೂ ನಡುವಿನ ಬಿಡುವು ಎರಡೂ ಕಡೆ ಸಮವಾಗಿರಬೇಕು. ಪೆಟ್ಟಿಗೆ ಗೋಡೆಯ ಮೇಲೆ ಕೂದಲೆಳೆಯಷ್ಟು ಓರೆಯಾದರೂ ನಡೆ ಕುಂಟುತ್ತದೆ: ಒಂದು ಹೆಜ್ಜೆ ಗಿಡ್ಡ, ಒಂದು ಹೆಜ್ಜೆ ಉದ್ದ. ಕುಂಟುವ ಗಡಿಯಾರ ಒಂದಷ್ಟು ಹೊತ್ತು ಓಡಿ ನಿಂತುಬಿಡುತ್ತದೆ. ಹಾಗಾಗಿ ರಿಪೇರಿಯವನು ಅದನ್ನು ಮೊಳೆಗೆ ತೂಗಿಹಾಕಿ, ಬುಡವನ್ನು ಎಡಕ್ಕೋ ಬಲಕ್ಕೋ ಸರಿಸುತ್ತ, ನಡೆ ಸಮವಾಗುವವರೆಗೆ ಕೇಳುತ್ತಾನೆ. ಸರಿಯಾದ ಜಾಗ ಸಿಕ್ಕಾಗ ಬುಡದ ಕೆಳಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತಾನೆ. ಇಷ್ಟೂ ಕಿವಿಯ ಕೆಲಸ. ಈ ಜನರಲ್ಲಿ ಇದಕ್ಕೊಂದು ಮರ್ಯಾದೆಯೂ ಇದೆ. ಒಬ್ಬನ ಸುಪರ್ದಿಯಲ್ಲಿರುವ ಗಡಿಯಾರವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಎದುರು ನಿಂತು, ಕೈ ಹಿಂದೆ ಕಟ್ಟಿ, ಕೇಳಬೇಕು. ಏನಾದರೂ ಹೇಳುವುದಿದ್ದರೆ ಬಾಯಲ್ಲಿ ಹೇಳಬೇಕು. ಕೈ ಹಾಕಿದರೆ ‘ನಿನಗೆ ಇದು ಬರುವುದಿಲ್ಲ’ ಎಂದು ಮುಖದ ಮೇಲೆ ಹೇಳಿದ ಹಾಗೆ. ಹಾಗೆ ಕೈ ಹಾಕಿದ ಒಂದು ಪ್ರಸಂಗದಿಂದ ಇಬ್ಬರು ಸಾಯುವವರೆಗೆ ಮಾತು ಬಿಟ್ಟಿದ್ದರಂತೆ.

ಮಾತು ಕೇಳಿಸದ ಅಪ್ಪನಿಗೆ ಗಡಿಯಾರ ಕೇಳಿಸುತ್ತದೆ ಎಂದು ನಾವೆಲ್ಲ ನಂಬಿದ್ದೆವು. “ನಾನು ಹಿತ್ಲಿಂದ ಬಡ್ಕಂಡ್ರೆ ಕೇಳಲ್ಲ, ಅಂಗಡೀಲಿ ಗಡಿಯಾರ ಕೆಮ್ಮಿದ್ರೆ ಎದ್ದೋಡ್ತಾರೆ” ಎಂದು ಅಮ್ಮ ಛೇಡಿಸುತ್ತಿದ್ದಳು. ಅಪ್ಪ ನಗುತ್ತಿದ್ದರು. ಇತ್ತೀಚೆಗೆ ಅವರು ಒಂದು ಬಿದಿರು ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ತುದಿಯನ್ನು ಪೆಟ್ಟಿಗೆಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವುದನ್ನು ನೋಡಿದ್ದೆ. ಕೇಳಿದರೆ, “ಹಿಂಗೆ ಹಿಡದ್ರೆ ಹಲ್ಲಲ್ಲೇ ಕೇಳುಸ್ತದೆ ಕಣೇ” ಎಂದರು. ಕಸುಬಿನ ಹಳೆಯ ಉಪಾಯವಿರಬೇಕು ಎಂದುಕೊಂಡೆ. ಎದುರಾಳಿಯ ಒಂದೊಂದು ವಾಕ್ಯಕ್ಕೂ ಆಧಾರ ಕೇಳುವ ನಾನು ಆ ಕಡ್ಡಿಯ ಬಗ್ಗೆ ಇನ್ನೊಂದು ಮಾತೂ ಕೇಳಲಿಲ್ಲ.

ಇನ್ನು ಚಾವಿಗಳ ವಿಷಯ. ಬಿಕ್ಕೋಡಿನ ಕಡೆ ಒಂದು ಕಾಫಿ ತೋಟದ ಮನೆಯಿದೆ. ಅಲ್ಲಿನ ಯಜಮಾನರಿಗೆ ಗೋಡೆ ಗಡಿಯಾರ ಕೂಡಿಡುವ ಹುಚ್ಚು. ಊಟದ ಮನೆಯಲ್ಲೂ ಮೆಟ್ಟಿಲ ಸಂದಿಯಲ್ಲೂ ಗಡಿಯಾರ. ನಾನು ಹುಟ್ಟುವ ಮೊದಲಿನಿಂದ ವಾರಕ್ಕೊಂದು ದಿನ ಅಪ್ಪ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಎಲ್ಲಕ್ಕೂ ಕೀ ಕೊಟ್ಟು, ನಡೆ ನೋಡಿ ಬರುತ್ತಿದ್ದರು. ಆ ಮನೆಯ ಗಡಿಯಾರಗಳ ಚಾವಿಗೊಂಚಲು ನಮ್ಮ ದೇವರ ಗೂಡಿನಲ್ಲಿರುತ್ತಿತ್ತು. ವಾರ್ಷಿಕ ಸಭೆಯ ದಿನ ರಿಪೇರಿಯವರು ತಮ್ಮ ಬಳಿಯಿರುವ ಚಾವಿಗಳನ್ನು ಮೇಜಿನ ಮೇಲೆ ಇಡುತ್ತಾರೆ, ಮಾಲೀಕರು ಎತ್ತಿ ಮತ್ತೆ ಅವರ ಕೈಗೇ ಕೊಡುತ್ತಾರೆ. ಬೇರೆಯವನಿಗೆ ಕೊಡುವ ಹಕ್ಕು ಮಾಲೀಕನಿಗಿದೆ. ಆದರೆ ಅದನ್ನು ಯಾರೂ ಬಳಸಿದ್ದು ನನಗೆ ನೆನಪಿಲ್ಲ.

ಹೋದ ವರ್ಷ ಹಳೇಬೀಡಿನ ಸಭೆಯಲ್ಲಿ ಬಳಸುವ ಹಾಗಿತ್ತು. ಆರು ತಿಂಗಳಿಂದ ತೋಟದ ಮನೆಯಲ್ಲಿ ಗಡಿಯಾರಗಳು ವಾರದ ನಡುವೆ ನಿಲ್ಲುತ್ತಿದ್ದವು. ಯಜಮಾನರು ಫೋನು ಮಾಡಿದಾಗ ತೆಗೆದದ್ದು ನಾನು. “ನಿಮ್ಮ ತಂದೇನ ನೋಯಿಸೋಕೆ ಇಷ್ಟ ಇಲ್ಲಮ್ಮ. ಆದರೆ ಬೇಲೂರಿನವನು ಹತ್ತಿರದಲ್ಲೇ ಇದಾನೆ, ಹುಡುಗ ಚುರುಕು. ಸಭೇಲಿ ನೋಡೋಣ” ಎಂದರು. ಬೇಲೂರಿನವನು ಎಂದರೆ ಅಲ್ಲಿನ ಬಸ್ ನಿಲ್ದಾಣದೆದುರು ಗಡಿಯಾರ, ಮೊಬೈಲು ಎರಡನ್ನೂ ರಿಪೇರಿ ಮಾಡುವವನು. ಅಪ್ಪನನ್ನು ‘ಅಣ್ಣ’ ಎನ್ನುತ್ತಾನೆ. ಫೋನಿನ ಮಾತನ್ನು ಅಪ್ಪನ ಕಿವಿಗೆ ಪೂರಾ ಹೇಳಿದೆ. ಅವರು “ಆ ಮನೆ ಹೋದ್ರೆ ನಾನು ರಿಪೇರಿಯೋನು ಅಲ್ಲ ಕಣೇ. ಸೆಲ್ ಹಾಕೋನು ಅಷ್ಟೇಯ” ಎಂದರು. ತೋಟದ ಮನೆಯಿಂದ ತಂದಿದ್ದ ದೊಡ್ಡ ಗಡಿಯಾರವೊಂದನ್ನು ಪೂರ್ತಿ ಬಿಚ್ಚಿ ತೊಳೆದು ಕೂಡಿಸಿದರು. ಅದನ್ನೇ ಸಭೆಯಲ್ಲಿ ತೂಗುಹಾಕಿ ತೋರಿಸುವುದೆಂದಾಯಿತು.

ಹಳೇಬೀಡಿನ ಬಸ್ಸಿನಲ್ಲಿ ಆ ಗಡಿಯಾರವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ನಮ್ಮಿಬ್ಬರ ನಡುವೆ ಕೂರಿಸಿದೆವು. ಕಂಡಕ್ಟರ್ ಬಂದವನೇ, “ಇದ್ಯಾರ್ರೀ ಮುಸುಕು ಹಾಕ್ಕಂಡು ಕೂತಿರೋದು? ಹೆಂಗಸಾದ್ರೆ ಫ್ರೀ, ಗಂಡಸಾದ್ರೆ ಟಿಕೀಟು” ಎಂದ.

“ಹೆಂಗಸೇ. ಆಧಾರ್ ಕಾರ್ಡು ಮನೇಲಿ ಬಿಟ್ಟು ಬಂದಿದೆ” ಎಂದೆ.

ಅಪ್ಪನಿಗೆ ಏನೂ ಕೇಳಿಸಿರಲಿಲ್ಲ. ಸುತ್ತಲಿನವರು ನಕ್ಕದ್ದನ್ನು ನೋಡಿ ತಾವೂ ನಕ್ಕರು. ಜಾವಗಲ್ ದಾಟುವವರೆಗೂ ಅವರ ಅಂಗೈ ಕಂಬಳಿಯ ಮೇಲೇ ಇತ್ತು.

ಸಮುದಾಯ ಭವನಕ್ಕೆ ಆಗಷ್ಟೇ ಬಣ್ಣ ಬಳಿದಿದ್ದರು. ಅಲ್ಲಿನ ಮೇನೇಜರು ಬಾಗಿಲಲ್ಲೇ ನಿಂತು ಘೋಷಿಸಿದರು: “ಒಂದು ಮೊಳೆ ಹೊಡುದ್ರೂ ಅಡ್ವಾನ್ಸು ವಾಪಸ್ ಇಲ್ಲ, ನೋಡ್ಕಳಿ.” ಗಡಿಯಾರದವರ ಸಭೆಗೆ ಮೊಳೆಯಿಲ್ಲದ ಗೋಡೆ! ಸ್ವಲ್ಪ ಹೊತ್ತು ಜಗಳವಾಡಿ, ಕೊನೆಗೆ ಶಾಮಿಯಾನದ ಎರಡು ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಅವುಗಳ ನಡುವೆ ಉದ್ದನೆಯ ಒಂದು ಮರದ ಹಲಗೆ ಕಟ್ಟಿ, ಹಲಗೆಗೇ ಮೊಳೆ ಹೊಡೆದು, ಎಲ್ಲ ಗಡಿಯಾರಗಳನ್ನೂ ಸಾಲಾಗಿ ತೂಗಿಹಾಕಿದರು. ಅಪ್ಪನ ಪಕ್ಕದ ಮೊಳೆ ಬೇಲೂರಿನವನದು. ಅವನದೂ ಅಷ್ಟೇ ಉದ್ದದ ಲೋಲಕದ ಭಾರಿ ಗಡಿಯಾರ.

“ಏನಣ್ಣ, ನಿಂದು ಕಂಬ್ಳಿ ಹೊದ್ಕಂಡು ಬಂತಂತೆ? ಚಳಿ ಜ್ವರವಾ?” ಎಂದು ಅವನು ಅಪ್ಪನ ಕಿವಿಗೆ ಕೂಗಿದ.

“ನಿಂದು ಬೆತ್ಲೆ ಬಂದೈತಲ್ಲೋ, ಮೊದ್ಲು ಅದುಕ್ಕೆ ಒಂದು ಚಡ್ಡಿ ಹೊಲಿಸು” ಎಂದರು ಅಪ್ಪ. ಎಲ್ಲರೂ ನಕ್ಕರು. ಆ ದಿನ ಅಪ್ಪ ಕೊನೆಯದಾಗಿ ಸಂತೋಷವಾಗಿದ್ದದ್ದು ಆಗ.

ಹಲಗೆಯ ಮೇಲೆ ಅಷ್ಟೊಂದು ಗಡಿಯಾರಗಳು ಒಟ್ಟಿಗೆ ಓಡುವಾಗ ಹುರುಳಿ ಹುರಿಯುವ ಸದ್ದು. ಅದರಲ್ಲಿ ಒಂದರ ನಡೆಯನ್ನು ಬೇರೆಯಾಗಿ ಕೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಅಪ್ಪ ಕೈ ಹಿಂದೆ ಕಟ್ಟಿ ನಿಂತು, ಲೋಲಕ ನೋಡುತ್ತ ತಲೆದೂಗಿ, ಬುಡವನ್ನು ಒಂದು ಸಲ ಸರಿಸಿ, ತೃಪ್ತಿಯಿಂದ ಬಂದು ಕೂತರು. ಭಾಷಣವಾಯಿತು. ಊಟವಾಯಿತು. ಕೈತೊಳೆದು ಬರುವಾಗ ಹಲಗೆಯ ಮುಂದೆ ಜನ ಗುಂಪುಗೂಡಿದ್ದರು. ಅಪ್ಪನ ಗಡಿಯಾರ ನಿಂತಿತ್ತು.

ಯಜಮಾನರು ಕೋಪಿಸಿಕೊಳ್ಳಲಿಲ್ಲ. ಬೇಸರದಿಂದ ಕನ್ನಡಕ ತೆಗೆದು ಒರೆಸಿದರು. “ಮನೇಲೂ ಹೀಗೇ ಆಗೋದು, ನೋಡಿ. ನಾನು ಸುಳ್ಳು ಹೇಳ್ತಿಲ್ಲ ಅಂತ ಈಗ ಗೊತ್ತಾಯ್ತಲ್ಲ.” ಅವರ ಕಣ್ಣು ಚಾವಿಗಳನ್ನಿಟ್ಟಿದ್ದ ಮೇಜಿನ ಕಡೆ ಹೋಯಿತು. ಅಪ್ಪ ನನ್ನ ಮುಖ ನೋಡಿದರು. ಯಜಮಾನರ ಮಾತನ್ನು ನಾನು ಅವರ ಕಿವಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದರ ಬದಲು ಯಜಮಾನರ ಕಡೆ ತಿರುಗಿದೆ.

“ಸರ್, ಒಂದು ಪ್ರಶ್ನೆ. ಈ ಗಡಿಯಾರ ನಿಂತದ್ದು ಅದರ ದೋಷದಿಂದ ಅಂತ ನೀವು ತೀರ್ಮಾನಿಸಿದ್ದೀರಿ. ಹಲಗೆಯ ದೋಷ ಅಲ್ಲ ಅಂತ ಹೇಗೆ ಗೊತ್ತಾಯ್ತು?”

“ಹಲಗೆ ಏನ್ಮಾಡುತ್ತಮ್ಮ?”

ಹಲಗೆ ಏನು ಮಾಡುತ್ತದೆ ಎಂದು ನನಗೆ ಕಲಿಸಿದ್ದೇ ಅಪ್ಪ. ನಾನಿನ್ನೂ ಚಿಕ್ಕವಳಿದ್ದಾಗ, ಒಂದೇ ಉದ್ದದ ಲೋಲಕವಿರುವ ಎರಡು ಗಡಿಯಾರಗಳನ್ನು ಸಡಿಲವಾದ ಒಂದೇ ಹಲಗೆಗೆ ತೂಗುಹಾಕಬಾರದು, ಒಂದರ ತೂಗು ಹಲಗೆಯೊಳಗಿಂದ ಹಾದು ಇನ್ನೊಂದರ ಉಸಿರು ಹೀರುತ್ತದೆ ಎಂದು ಎರಡು ಗಡಿಯಾರ ಹಾಕಿ ತೋರಿಸಿದ್ದರು. ಅಲ್ಲಿದ್ದ ಪ್ರತಿಯೊಬ್ಬ ರಿಪೇರಿಯವನಿಗೂ ಅದು ಗೊತ್ತಿತ್ತು. ಮೇನೇಜರ ಬಣ್ಣದ ಗೋಡೆಯೆದುರು ಎಲ್ಲರೂ ಮರೆತಿದ್ದರು. ನಾನು ವೇದಿಕೆಯ ಮೇಲಿದ್ದಂತೆ ಮಾತಾಡಿದೆ. ಕಬ್ಬಿಣದ ಕಂಬವನ್ನು ಮುಟ್ಟಿ ಹಲಗೆ ನಡುಗುವುದನ್ನು ತೋರಿಸಿದೆ. ಎರಡು ಲೋಲಕಗಳ ಉದ್ದವನ್ನು ನನ್ನ ಶಾಲಿನಿಂದ ಅಳೆದು ತೋರಿಸಿದೆ. ತೀರ್ಪು ಮೊದಲು, ವಿಚಾರಣೆ ಆಮೇಲೆ ಎಂಬುದು ಎಲ್ಲಿಯ ನ್ಯಾಯ ಎಂದೆ. ಹಿಂದಿನಿಂದ ಯಾರೋ “ಲಾಯರಮ್ಮ ಬುಡಲ್ಲ ಕಣ್ಲಾ” ಎಂದರು. ಬೇಲೂರಿನವನೇ ತಲೆ ಆಡಿಸಿ, “ನಿಜ ಸಾರ್. ತಪ್ಪು ನಮ್ದೇಯ. ಹಿಂಗೆ ತೂಗ್ ಹಾಕ್ಬಾರ್ದಿತ್ತು” ಎಂದ.

“ಹಾಗಾದರೆ ಪರೀಕ್ಷೆ ಆಗಲಿ,” ಎಂದೆ. “ಗಟ್ಟಿ ಗೋಡೆಯ ಮೇಲೆ ಇದೊಂದನ್ನೇ ಹಾಕಿ. ಬೇರೆ ಯಾವುದರ ಅಡ್ಡಿಯೂ ಇರಬಾರದು, ಮಿಕ್ಕೆಲ್ಲವನ್ನೂ ನಿಲ್ಲಿಸಿ. ಅಪ್ಪ ನಡೆ ನೋಡಲಿ. ಆಮೇಲೆ ನೀವು ಚಾವಿಯ ಮಾತು ತೆಗೀರಿ.”

ಯಜಮಾನರು ಒಪ್ಪಿದರು. ಒಳ್ಳೆಯ ಎದುರಾಳಿಗಳು ಒಪ್ಪುತ್ತಾರೆ, ಅಪಾಯವಿರುವುದು ಅಲ್ಲೇ. ಗೋಡೆಯಲ್ಲಿ ಕ್ಯಾಲೆಂಡರಿಗೆಂದು ಮೊದಲೇ ಹೊಡೆದಿದ್ದ ಒಂದು ಮೊಳೆಯಿತ್ತು. “ಹಳೇ ಮೊಳೆಗೆ ನನ್ದೇನೂ ತಕರಾರಿಲ್ಲ” ಎಂದರು ಮೇನೇಜರು. ಕ್ಯಾಲೆಂಡರ್ ಇಳಿಸಿ ಅಪ್ಪನ ಗಡಿಯಾರ ತೂಗಿಹಾಕಿದರು. ಹಲಗೆಯ ಉದ್ದಕ್ಕೂ ಒಬ್ಬೊಬ್ಬ ರಿಪೇರಿಯವನೂ ತನ್ನ ತನ್ನ ಗಡಿಯಾರದ ಬಾಗಿಲು ತೆರೆದು, ಲೋಲಕವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದ. ಸದ್ದು ತುದಿಯಿಂದ ತುದಿಗೆ ಕಳಚುತ್ತ ಬಂದು ಇಲ್ಲವಾಯಿತು. ಬೆಳಗಿನಿಂದ ಇದ್ದದ್ದು ಹೋದಾಗಲೇ ಅದು ಎಷ್ಟಿತ್ತೆಂದು ತಿಳಿದದ್ದು.

ಆ ನಿಶ್ಶಬ್ದವನ್ನು ಕೇಳಿ ಪಡೆದವಳು ನಾನು.

ಅಪ್ಪ ಲೋಲಕವನ್ನು ತಳ್ಳಿ ಬಿಟ್ಟರು. ಒಂದು ಹೆಜ್ಜೆ ಹಿಂದೆ ಸರಿದು ಕೈ ಹಿಂದೆ ಕಟ್ಟಿದರು. ಗಡಿಯಾರ ಓಡಿತು. ಟಿಕ್ ಟಾಕ್, ಆಮೇಲೆ ಒಂದು ಬಿಡುವು. ಟಿಕ್ ಟಾಕ್, ಬಿಡುವು. ಕೋಲೂರಿಕೊಂಡು ಮೆಟ್ಟಿಲು ಹತ್ತುವವರ ಹಾಗೆ. ಸದ್ದಡಗಿದ ಭವನದ ಹೊಸ ಬಣ್ಣದ ಗೋಡೆಗಳು ಅದನ್ನು ದೊಡ್ಡದು ಮಾಡಿ ಹೇಳುತ್ತಿದ್ದವು. ಎಲೆ ಎತ್ತುತ್ತಿದ್ದ ಹೆಂಗಸು ಕೂಡ ಸೊಂಟ ನೆಟ್ಟಗೆ ಮಾಡಿ ಗೋಡೆಯ ಕಡೆ ನೋಡಿದಳು. ಗಡಿಯಾರದ ಗಂಧವಿಲ್ಲದವರಿಗೂ ತಿಳಿಯುವಷ್ಟು ಕುಂಟು.

ಅಪ್ಪನ ಬಲಗೈ ಹಿಂದಿನಿಂದ ಬಂದು ಅಂಗಿಯ ಜೇಬಿಗೆ ಹೋಯಿತು. ಬಿದಿರು ಕಡ್ಡಿಯ ತುದಿ ಕಾಣಿಸಿತು. ಅಷ್ಟು ಜನರ ಕಣ್ಣು ತಮ್ಮ ಮೇಲಿರುವುದನ್ನು ಕಂಡು ಆ ಕೈ ಮತ್ತೆ ಹಿಂದಕ್ಕೆ ಹೋಯಿತು. ಅವರು ಲೋಲಕವನ್ನೇ ನೋಡಿದರು. ಅದರ ತೂಗಿಗೆ ಸರಿಯಾಗಿ ತಲೆದೂಗಿದರು. ಸಭೆಯ ಕಡೆ ತಿರುಗಿ, ಇದ್ದ ಧ್ವನಿಗಿಂತ ಸ್ವಲ್ಪ ಗಟ್ಟಿಯಾಗಿ ಹೇಳಿದರು:

“ಸರಿಯಾಗೈತೆ.”

ಟಿಕ್ ಟಾಕ್, ಬಿಡುವು. ನನಗೆ ಸಮಯದೊಳಗೆ ಪ್ರತಿವಾದ ಕಟ್ಟುವ ತರಬೇತಿಯಿದೆ; ನಾನು ಶಾಲು ಮಡಿಸತೊಡಗಿದೆ. ಬೇಲೂರಿನವನು ಮೆಲ್ಲಗೆ, “ಅಣ್ಣ, ಒಂಚೂರು ಎಡಕ್ಕೆ...” ಎಂದ. ಅಪ್ಪನಿಗೆ ಅದೂ ಕೇಳಿಸಲಿಲ್ಲ. ಅವರು ನಗುಮೊಗದಿಂದ ಯಜಮಾನರನ್ನು ನೋಡುತ್ತಿದ್ದರು. ಇನ್ನು ತಡೆಯಲಾರದೆ ಬೇಲೂರಿನವನು ಮುಂದೆ ಬಂದ. ಗೋಡೆಯ ಹತ್ತಿರ ಹೋಗಿ, ಕ್ಯಾಲೆಂಡರನ್ನು ಬದಿಗಿಡುವವನಂತೆ ಬಗ್ಗಿ, ಎದ್ದು ನಿಲ್ಲುವಾಗ ಹೆಬ್ಬೆರಳಿನಿಂದ ಗಡಿಯಾರದ ಬುಡವನ್ನು ಒಂದಿಷ್ಟು ಒತ್ತಿದ. ನಡೆ ಸಮವಾಯಿತು.

ಅವನು ಕರುಣೆಯಿಂದಲೇ ಮಾಡಿದ. ಅದರಲ್ಲಿ ನನಗೆ ಅನುಮಾನವಿಲ್ಲ, ಅನುಮಾನ ನನ್ನ ಹುಟ್ಟುಗುಣವಾದರೂ. ಆದರೆ ಅಪ್ಪ ಆ ಹೆಬ್ಬೆರಳನ್ನು ನೋಡಿದರು. ಅವರ ಮುಖದ ನಗು ತಕ್ಷಣ ಹೋಗಲಿಲ್ಲ. ಹಬ್ಬ ಮುಗಿದ ಮೇಲೂ ಬಾಗಿಲಲ್ಲಿ ಉಳಿದ ತೋರಣದ ಹಾಗೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು.

ಯಜಮಾನರು ಗಂಟಲು ಸರಿಪಡಿಸಿಕೊಂಡರು. “ನಿಮ್ಮ ಮಗಳು ಹೇಳಿದ್ದು ಸರಿ. ಹಲಗೆಯದೇ ತಪ್ಪು. ಈಗ ಓಡ್ತಾ ಇದೆಯಲ್ಲ” ಎಂದು ಮೇಜಿನಿಂದ ಚಾವಿಗೊಂಚಲು ಎತ್ತಿ ಅಪ್ಪನ ಕೈಯಲ್ಲಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟು ಜೋರಾದ ಚಪ್ಪಾಳೆ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ. ಒಬ್ಬನ ಕಿವಿ ಹೋಗಿದೆ ಎಂದು ಗೊತ್ತಾದ ಮೇಲೆ ಜನ ಅವನಿಗೆ ಕೇಳಿಸಲಿ ಎಂದು ತಟ್ಟುವ ಚಪ್ಪಾಳೆ ಅದು.

ನಾವು ಹೊರಡುವಾಗ ಹಲಗೆಯ ಮೇಲಿನ ಗಡಿಯಾರಗಳನ್ನು ಮತ್ತೆ ಓಡಿಸಿದ್ದರು. ಬಾಗಿಲಲ್ಲಿ ತಿರುಗಿ ನೋಡಿದೆ. ಬಲತುದಿಯಲ್ಲಿ, ಅಕ್ಕಪಕ್ಕದಲ್ಲಿದ್ದ ಒಂದೇ ಅಳತೆಯ ಎರಡು ಗಡಿಯಾರಗಳಲ್ಲಿ ಒಂದು ನಿಂತುಹೋಗಿತ್ತು. ನನ್ನ ವಾದ ಸರಿಯಾಗಿತ್ತು. ಈಗಲೂ ಸರಿಯಾಗಿದೆ. ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತರು. ಕೆರೆ ದಾಟಿ, ರಾಗಿ ಹೊಲಗಳು ಬಂದ ಮೇಲೆ ಕೇಳಿದರು: “ಭಾಳ ಕುಂಟುತಿತ್ತಾ?”

ಸುಳ್ಳು ಹೇಳಬಹುದಿತ್ತು. “ಹೂಂ” ಎಂದು ತಲೆ ಆಡಿಸಿದೆ.

“ನಂಗೆ ಕೇಳುಸ್ತು ಕಣೇ. ಸಮ ಕೇಳುಸ್ತು.” ಅಂಗೈಯನ್ನು ಲೋಲಕದ ಹಾಗೆ ಆಚೀಚೆ ಆಡಿಸಿದರು. “ಅದು ಆಡೋದು ನೋಡಿದ್ರೆ ಸದ್ದು ತಾನಾಗೇ ಬತ್ತದೆ. ಇಷ್ಟು ವರ್ಷದ್ದು ಒಳಗೆ ಐತಲ್ಲ, ಅದು ಬತ್ತದೆ. ಹೊರಗಿಂದು ಯಾವತ್ತು ನಿಂತೋಯ್ತೋ ಗೊತ್ತಾಗ್ನಿಲ್ಲ.”



ಕಿವಿಗೆ ಯಂತ್ರ ಹಾಕಿಸಬಾರದಿತ್ತೇ ಎಂದು ಕೇಳುವವರಿಗೆ: ಹಾಕಿಸಿದೆವು. ಹಾಸನಕ್ಕೆ ಕರೆದುಕೊಂಡು ಹೋಗಿ, ಒಳ್ಳೆಯದೇ ಬೇಕೆಂದು ಆರಿಸಿದೆ. ಮೊದಲ ದಿನ ಅಮ್ಮನ ಮಾತು ಕೇಳಿಸಿತು. “ಅಯ್ಯೋ, ಇಷ್ಟೊಂದು ಮಾತಾಡ್ತೀಯಾ ನೀನು!” ಎಂದು ಅಮ್ಮನನ್ನು ನಗಿಸಿದರು. ಅಂಗಡಿಗೆ ಹೋದರೆ ಗಡಿಯಾರ ಮಾತ್ರ ಇಲ್ಲ. ಮತ್ತೆ ಹಾಸನಕ್ಕೆ ಹೋಗಿ ವಿಚಾರಿಸಿದೆ. ಮಾತು ಸ್ಪಷ್ಟವಾಗಲಿ ಎಂದು ಈ ಯಂತ್ರ ಟಕಟಕ ಎನ್ನುವಂಥ ಸದ್ದನ್ನೆಲ್ಲ ಗದ್ದಲವೆಂದು ತಿಳಿದು ಕಡಿಮೆ ಮಾಡುತ್ತದೆ ಎಂದು ಅಲ್ಲಿನವರು ಹೆಮ್ಮೆಯಿಂದ ವಿವರಿಸಿದರು. ಸದ್ದು ಕಡಿಮೆ ಮಾಡುವ ಆ ಏರ್ಪಾಡನ್ನು ತೆಗೆಸಿ ನೋಡಿದೆವು. ಆಗ ತಟ್ಟೆ, ಲೋಟ, ಬಸ್ಸಿನ ಹಾರನ್ನು ಎಲ್ಲ ಒಳನುಗ್ಗಿ ಅಪ್ಪ ತಲೆ ಹಿಡಿದುಕೊಂಡರು. ಗಡಿಯಾರ ಆ ಸಂತೆಯಲ್ಲಿ ಎಲ್ಲೋ ಕಳೆದುಹೋಗಿತ್ತು. ಫೋನಿನಲ್ಲಿ ನಡೆ ಅಳೆಯುವ ಆ್ಯಪು ಇದೆ ಎಂದು ಬೇಲೂರಿನವನಿಂದ ಕೇಳಿ ತಿಳಿದು, ಹಾಕಿ ತೋರಿಸಿದೆ. ಗೆರೆಗಳು ಏಳುವುದನ್ನು ಅಪ್ಪ ಮರ್ಯಾದೆಗೆ ಸ್ವಲ್ಪ ಹೊತ್ತು ನೋಡಿ, “ಹಂಗಾರೆ ಬಿಕ್ಕೋಡಿಗೆ ಫೋನ್ನೇ ಬಸ್ ಹತ್ಸಿ ಕಳ್ಸು” ಎಂದು ಹಿಂದಕ್ಕೆ ಕೊಟ್ಟರು.

ವಾರವಾರವೂ ತೋಟದ ಮನೆಗೆ ಹೋಗುವುದನ್ನು ಅವರು ಬಿಡಲಿಲ್ಲ. ಈಗ ಯಾರ ಹಂಗೂ ಇಲ್ಲದೆ ಕಡ್ಡಿ ಕಚ್ಚಿಕೊಂಡೇ ನೋಡುತ್ತೇನೆ ಎಂದು ಅವರೇ ಹೇಳಿದರು. ಹಲ್ಲಿಗೆ ಬರುವ ಆ ಸಣ್ಣ ನಡುಕದ ಮೇಲೆ ನಾನೂ ನನ್ನ ನಂಬಿಕೆಯನ್ನೆಲ್ಲ ಇಟ್ಟಿದ್ದೆ. ಕಿವಿ ಸೋತರೆ ಏನಾಯಿತು, ಕಸುಬು ಉಳಿಯಿತಲ್ಲ ಎಂದು ಅಮ್ಮನೆದುರು ವಾದ ಮಂಡಿಸುತ್ತಿದ್ದೆ. ತೋಟದ ಮನೆಯಲ್ಲಿ ಗಡಿಯಾರ ನಿಂತ ದೂರು ಆಮೇಲೆ ಬಂದಿರಲಿಲ್ಲ. ಅದೇ ನನ್ನ ಮುಖ್ಯ ಸಾಕ್ಷ್ಯ.

ಕಾಫಿ ಕೊಯ್ಲು ಶುರುವಾಗಿದ್ದ ಹೊತ್ತಿನಲ್ಲಿ ಒಂದು ಸಂಜೆ ಅಪ್ಪ ಬಿಕ್ಕೋಡಿನಿಂದ ಬರಿಗೈಯಲ್ಲಿ ಬಂದರು. ಚಾವಿಗೊಂಚಲಿಲ್ಲ. ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು ಹೇಳಿದರು: “ಗೋಡೆ ಮ್ಯಾಲೆ ನನ್ ಗೆರೆ ಪಕ್ಕ ಇನ್ನೊಂದು ಗೆರೆ ಐತೆ.”

“ಹಳೇದಿರಬೇಕು ಬಿಡಿ” ಎಂದು ಕಿವಿಯ ಹತ್ತಿರ ಕೂಗಿದೆ.

“ಪೆನ್ಸಿಲು ಹೊಸದು. ಎಲ್ಲಾ ಗಡಿಯಾರುದ್ ಕೆಳಗೂ ಐತೆ. ನಾನು ಬಂದೋದ್ಮೇಲೆ ಬೇಲೂರೋನು ಬಂದು ಸರಿ ಮಾಡೋಗ್ತಾವ್ನೆ.”

ನನಗೆ ಸಿಟ್ಟು ಬಂತು. ಎದ್ದು ನಿಂತೆ. “ಅವನದು ಸರಿ ಅಂತ ಯಾರು ಹೇಳಿದ್ದು? ಕಡ್ಡಿ ಇಟ್ಟು ಎರಡೂ ಗೆರೆಗೆ ನೋಡಿದ್ರಾ?”

“ಎರಡ್ರಲ್ಲೂ ಹಲ್ಲಿಗೆ ಒಂದೇ ತರ ಬಂತು.” ಅಪ್ಪ ನನ್ನ ಕಡೆ ನೋಡದೆ ಹೇಳಿದರು. “ಅದಕ್ಕೇ ತೋಟದ ಆಳಿನ ಹೆಂಗಸೊಬ್ಳು ಅಲ್ಲಿ ಗುಡುಸ್ತಿದ್ಲು, ಕರ್ದು ಕೇಳ್ದೆ. ಯಾವುದು ನೆಟ್ಟಗೆ ನಡೀತೈತೆ ತಾಯಿ, ಇದಾ ಅದಾ ಅಂತ. ಹತ್ರುಕ್ಕೂ ಬರ್ದೆ ನಿಂತಲ್ಲೇ ಹೇಳಿದ್ಲು. ಅವುನ್ದೇ.”

ಚಾವಿಗೊಂಚಲನ್ನು ಅವರು ಮೊದಲ ಗಡಿಯಾರದ ಕೆಳಗಿನ ಮೊಳೆಗೆ ಹಾಕಿ, ಯಜಮಾನರಿಗೂ ಹೇಳದೆ ಬಂದಿದ್ದರು. ನಾನು ಇನ್ನೂ ಏನೋ ಹೇಳಲು ಹೊರಟೆ. ಅಮ್ಮ, “ಸುಮ್ಕಿರೇ, ಎಲ್ಲದ್ರಲ್ಲೂ ಗೆದ್ದಿದೀಯ” ಎಂದಳು.

ಯಜಮಾನರು ಆಮೇಲೆ ಎರಡು ಸಲ ಫೋನು ಮಾಡಿದರು. ಅಪ್ಪ ಮಾತಾಡಲು ಒಪ್ಪಲಿಲ್ಲ. ಬೇಲೂರಿನವನು ಒಮ್ಮೆ ಅಂಗಡಿಗೆ ಬಂದು ಅಳುಮುಖ ಮಾಡಿಕೊಂಡು ಕೂತಿದ್ದು ಟೀ ಕುಡಿದು ಹೋದ. ಅವನಿಗೆ ಬೈಯಲು ನನ್ನಲ್ಲಿ ಒಂದು ಕಾರಣವೂ ಇರಲಿಲ್ಲ. ನಾನು ಹುಡುಕಿದೆ. ಈ ವರ್ಷದ ಸಭೆ ಬೇಲೂರಿನಲ್ಲಿ ನಡೆಯಿತು. ನಾವು ಹೋಗಲಿಲ್ಲ.

ಈಗ ಅಪ್ಪ ಸೆಲ್ ಹಾಕುತ್ತಾರೆ, ಪಟ್ಟಿ ಬದಲಿಸುತ್ತಾರೆ. ಅವಕ್ಕೆ ಕಿವಿ ಬೇಡ. ಗೋಡೆಯ ಮೇಲಿನ ಗಡಿಯಾರಗಳಿಗೆ ಕೀ ಕೊಡುವುದನ್ನು ನಿಲ್ಲಿಸಿದ್ದಾರೆ. ಅವು ಬೇರೆ ಬೇರೆ ಹೊತ್ತಿನಲ್ಲಿ ನಿಂತು, ನನ್ನ ಫಲಕಗಳ ಜೊತೆ ಧೂಳು ಕುಡಿಯುತ್ತಿವೆ. ಒಂದನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅವರ ಕುರ್ಚಿಯ ನೇರ ಮೇಲಿನದು. ಸೆಲ್ ಹಾಕಿದ ಕೈಗಡಿಯಾರಕ್ಕೆಲ್ಲ ಅವರು ಅದನ್ನು ನೋಡಿಯೇ ಸಮಯ ತಿದ್ದುತ್ತಾರೆ.

ಕಳೆದ ವಾರ ಕೋರ್ಟಿನಿಂದ ಬೇಗ ಬಂದು ಅಂಗಡಿಯಲ್ಲಿ ಕೂತಿದ್ದೆ. ಅಪ್ಪ ತಲೆ ತಗ್ಗಿಸಿ ಒಂದು ಪಟ್ಟಿಗೆ ಪಿನ್ನು ಪೋಣಿಸುತ್ತಿದ್ದರು. ಮೇಲಿನ ಗಡಿಯಾರ ಕುಂಟುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಎದ್ದು ಬುಡವನ್ನು ಒಂದಿಷ್ಟು ಸರಿಸಬಹುದಿತ್ತು. ಆದರೆ ಅದು ಅವರ ಸುಪರ್ದಿಯದು, ಕೈ ಹಾಕುವಂತಿಲ್ಲ. ಬಿಡುವು ಉದ್ದವಾಗುತ್ತ ಹೋಗಿ, ಟಿಕ್ ಎಂದದ್ದು ಟಾಕ್ ಎನ್ನದೆ ನಿಂತಿತು. ಅಪ್ಪ ಪಿನ್ನು ಪೋಣಿಸಿದರು, ಇನ್ನೊಂದು ತುದಿಗೆ ತಿರುಗಿಸಿದರು.

ಅದು ನಿಂತು ಅರ್ಧ ಗಂಟೆಯಾದ ಮೇಲೆ ಗಂಡಸಿ ಕಡೆಯ ರೈತನೊಬ್ಬ ಕೈಗಡಿಯಾರ ಹಿಡಿದು ಬಂದ. ಸೆಲ್ ಹೋಗಿತ್ತು. ಅಪ್ಪ ಹೊಸದು ಹಾಕಿ, ತಲೆ ಎತ್ತಿ ಗೋಡೆಯ ಮುಳ್ಳುಗಳನ್ನು ಮಾತ್ರ ನೋಡಿ, ಅದರಂತೆ ತಿದ್ದಿ ಕೊಟ್ಟರು. ಅವನು ಅದನ್ನು ಕಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿದ. “ಟ್ರೇನು ಹಿಡೀಬೇಕು ಕಣವ್ವ. ಟೈಮು ಸರಿಯಾಗೈತಾ?”

ಅಪ್ಪ ನನ್ನ ತುಟಿಗಳನ್ನೇ ನೋಡುತ್ತಿದ್ದರು.

“ಸರಿಯಾಗಿದೆ” ಎಂದೆ.